ಹಸ್ತಪ್ರತಿಗಳ ಛಾಯಾಪ್ರತಿ ಮತ್ತು ತೆರೆಯ ವರ್ಣಶುದ್ಧಿ: ಮಾಪಕದ ಆಯ್ಕೆಯ ವಿಚಾರ

ಜೀರ್ಣವಾದ ಓಲೆಗರಿಗಳನ್ನು ಪದೇ ಪದೇ ಬಿಚ್ಚುವುದು ಉಚಿತವಲ್ಲವಾದುದರಿಂದ ಗ್ರಂಥಸಂಪಾದನೆಯು ಇಂದು ಬಹುಮಟ್ಟಿಗೆ ಗಣಕಯಂತ್ರದ ತೆರೆಯ ಮೇಲಿನ ಛಾಯಾಪ್ರತಿಯನ್ನೇ ಆಶ್ರಯಿಸಿದೆ. ಕಂಟದಿಂದ ಕೊರೆದ ಅಕ್ಷರದಲ್ಲಿ ತುಂಬಿದ ಮಸಿ ಅಳಿದಿದ್ದರೆ, ಗರಿಯ ಕಂದುಬಣ್ಣಕ್ಕೂ ಅಕ್ಷರದ ಗೆರೆಗೂ ಇರುವ ಅಂತರ ಅತ್ಯಲ್ಪ. ಅಲ್ಲಿ ಕಾಣುವುದು ಸೊನ್ನೆಯೋ, ಹುಳು ಕೊರೆದ ರಂಧ್ರವೋ ಎಂಬ ನಿರ್ಣಯದ ಮೇಲೆ ಪಾಠವೇ ನಿಂತಿರುತ್ತದೆ. ಮೂಡಬಿದಿರೆಯ ಧವಲಾ ಪ್ರತಿಗಳಲ್ಲಿರುವಂತೆ ವರ್ಣಚಿತ್ರಗಳೂ ಇದ್ದರೆ ಸಂಪಾದಕರ ಹೊಣೆ ಮತ್ತಷ್ಟು ಹೆಚ್ಚುತ್ತದೆ.

ಮಾರುಕಟ್ಟೆಯಿಂದ ಬಂದ ತೆರೆಯು ಸಾಮಾನ್ಯವಾಗಿ ಅತಿ ಪ್ರಕಾಶದಿಂದಲೂ ತುಸು ನೀಲಿಛಾಯೆಯಿಂದಲೂ ಕೂಡಿರುತ್ತದೆ. ಅಂಥ ತೆರೆಯನ್ನು ನಂಬಿ ಚಿತ್ರವನ್ನು ತಿದ್ದುವವರು ಅರಿಯದೆಯೇ ಅದನ್ನು ಕಪ್ಪಾಗಿಸುತ್ತಾರೆ; ಮುದ್ರಣಗೊಂಡ ಪ್ರತಿಕೃತಿಯಲ್ಲಿ ಮಾಸಿದ ಅಕ್ಷರಗಳು ಗರಿಯ ಬಣ್ಣದಲ್ಲಿ ಮುಳುಗಿಹೋಗುತ್ತವೆ. ಕಣ್ಣಳತೆಯಿಂದ ಇದನ್ನು ಸರಿಪಡಿಸುವುದು ಅಸಾಧ್ಯ. ಎಂಥ ಬೆಳಕಿಗೂ ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಳ್ಳುವುದು ಕಣ್ಣಿನ ಸ್ವಭಾವ.

ಮಾಪಕವನ್ನು ತೆರೆಗೆ ಆನಿಸಿ ಇರಿಸಿದಾಗ ತಂತ್ರಾಂಶವು ಗೊತ್ತಾದ ಬಣ್ಣಗಳನ್ನು ಒಂದೊಂದಾಗಿ ತೋರಿಸುತ್ತದೆ. ಹೊಮ್ಮಿದ ಬೆಳಕನ್ನು ಮಾಪಕವು ಅಳೆಯುತ್ತದೆ. ಮೊದಲು ತೆರೆಯನ್ನು ನಿಯತ ಸ್ಥಿತಿಗೆ ತರುವುದು, ಬಳಿಕ ಉಳಿದ ವರ್ಣಲಕ್ಷಣಗಳನ್ನು ‘ಪ್ರೊಫೈಲ್’ ಎಂಬ ಕಡತದಲ್ಲಿ ದಾಖಲಿಸುವುದು: ಇವೆರಡೂ ಬೇರೆ ಬೇರೆ ಕ್ರಿಯೆಗಳು. ಇವನ್ನು ಒಂದೆಂದು ಭಾವಿಸುವುದರಿಂದಲೇ ಗೊಂದಲ ಹೆಚ್ಚು.

ಮಾಪಕಗಳಲ್ಲಿ ಎರಡು ಜಾತಿಗಳುಂಟು. ಕಲರಿಮೀಟರ್ ಮನುಷ್ಯದೃಷ್ಟಿಯನ್ನು ಅನುಕರಿಸುವ ವರ್ಣಶೋಧಕಗಳ ಮೂಲಕ ಅಳೆಯುತ್ತದೆ. ಅದು ಶೀಘ್ರಗ್ರಾಹಿ, ಕಪ್ಪುಛಾಯೆಗಳಲ್ಲಿ ಸಮರ್ಥ. ಆದರೆ ಆ ಶೋಧಕಗಳು ದೃಷ್ಟಿಗೆ ಸಂಪೂರ್ಣವಾಗಿ ಸಂವಾದಿಯಾಗಿರುವುದಿಲ್ಲ. ಆದುದರಿಂದ ತೆರೆಯ ಹಿಂದಿನ ದೀಪ ಸಾಧಾರಣ ಎಲ್‌ಇಡಿಯೋ, ವಿಶಾಲವರ್ಣದ ಎಲ್‌ಇಡಿಯೋ ಎಂಬುದನ್ನು ತಂತ್ರಾಂಶಕ್ಕೆ ಸರಿಯಾಗಿ ತಿಳಿಸಬೇಕು. ಈ ಒಂದು ಆಯ್ಕೆ ತಪ್ಪಿದರೆ ಉತ್ತಮ ಮಾಪಕವೂ ಬಿಳಿಯನ್ನು ಬಿಳಿಯೆಂದು ತೋರಿಸದು. ಸ್ಪೆಕ್ಟ್ರೋಫೋಟೋಮೀಟರ್ ಬೆಳಕನ್ನು ವರ್ಣಪಟಲವಾಗಿ ವಿಭಜಿಸಿ ಅಳೆಯುವುದರಿಂದ ಅದಕ್ಕೆ ಈ ಉಪಾಧಿಯಿಲ್ಲ. ಮುದ್ರಿತ ಕಾಗದವನ್ನೂ ಅದು ಅಳೆಯಬಲ್ಲದು. ಕಡುಗಪ್ಪಿನಲ್ಲಿ ಮಾತ್ರ ತಡವರಿಸುತ್ತದೆ, ಬೆಲೆಯೂ ಅನೇಕ ಪಟ್ಟು.

ಸ್ವಂತ ಮುದ್ರಣವ್ಯವಸ್ಥೆಯಿಲ್ಲದ ಗ್ರಂಥಭಂಡಾರಕ್ಕೆ ಕಲರಿಮೀಟರೇ ಸಾಕು. ಡೇಟಾಕಲರ್‌ನ ಸ್ಪೈಡರ್ ಶ್ರೇಣಿಯೂ, 2021ರಲ್ಲಿ ಎಕ್ಸ್-ರೈಟ್‌ನಿಂದ ಕ್ಯಾಲಿಬ್ರೈಟ್ ಹೆಸರಿಗೆ ಬಂದ ಶ್ರೇಣಿಯೂ ಬಳಕೆಯಲ್ಲಿವೆ. ಒಂದೇ ಶ್ರೇಣಿಯ ಅಗ್ಗದ ಹಾಗೂ ದುಬಾರಿ ಮಾದರಿಗಳಲ್ಲಿ ಎಷ್ಟೋ ವೇಳೆ ಭೇದವಿರುವುದು ತಂತ್ರಾಂಶ ನೀಡುವ ಸೌಕರ್ಯಗಳಲ್ಲಿ. ಆರ್ಗಿಲ್-ಸಿಎಂಎಸ್ ಎಂಬ ಉಚಿತ ತಂತ್ರಾಂಶವು ಅನೇಕ ಮಾಪಕಗಳನ್ನು ನಡೆಸಬಲ್ಲದಾದುದರಿಂದ, ಕೊಳ್ಳುವ ಮುನ್ನ ಮಾದರಿಯು ಅದರ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಲೇಸು. ಹಳೆಯ ಮಾಪಕಗಳ ವಿಷಯದಲ್ಲಿ ಎಚ್ಚರ ಬೇಕು. ಕಾಲಕ್ರಮದಲ್ಲಿ ಅವುಗಳ ಶೋಧಕಗಳೂ ಮಾಸಬಹುದು. ನೋಟದ ಕೋನ ಬದಲಾದೊಡನೆ ಬಣ್ಣ ಬದಲಿಸುವ ಅಗ್ಗದ ತೆರೆಯಾದರೋ ಯಾವ ಮಾಪಕದಿಂದಲೂ ಉದ್ಧಾರವಾಗದು. ಅಂಥಲ್ಲಿ ಹಣವನ್ನು ಮೊದಲು ತೆರೆಗೇ ವಿನಿಯೋಗಿಸತಕ್ಕದ್ದು.

ಬಳಕೆಯ ಕ್ರಮ ಸರಳವಾದುದು. ತೆರೆಯನ್ನು ಅರ್ಧಗಂಟೆ ಉರಿಯಲು ಬಿಟ್ಟು, ಬಿಳಿಯನ್ನು ಡಿ65ಕ್ಕೂ ಗಾಮಾ ಮೌಲ್ಯವನ್ನು 2.2ಕ್ಕೂ ಪ್ರಕಾಶವನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗಳೊಳಗೂ ನಿಲ್ಲಿಸುವುದು ರೂಢಿ. ಕೊಠಡಿಯ ಬೆಳಕು ಮಂದವಾಗಿ, ಬದಲಾಗದೆ ಇರಬೇಕು. ತಿಂಗಳಿಗೊಮ್ಮೆ ಮರುಮಾಪನ ಸಾಕು.

ಇಷ್ಟಾದರೂ ಮಾಪಕವು ಶುದ್ಧಗೊಳಿಸುವುದು ತೆರೆಯನ್ನೇ ಹೊರತು ಚಿತ್ರವನ್ನಲ್ಲ. ಚಿತ್ರಗ್ರಹಣದ ವೇಳೆ ಗರಿಯ ಪಕ್ಕದಲ್ಲಿ ವರ್ಣಫಲಕವನ್ನಿಡದಿದ್ದರೆ, ದೀಪದ ಹಳದಿಯಾವುದು, ಗರಿಯ ಹಳದಿಯಾವುದು ಎಂಬುದನ್ನು ಯಾವ ತೆರೆಯೂ ಹೇಳಲಾರದು. 24 ಬಣ್ಣಗಳ ಇಂಥ ಫಲಕವು 1976ರಿಂದಲೂ ಬಳಕೆಯಲ್ಲಿದೆ. ಗರಿಗಳ ಪ್ರತಿಯೊಂದು ಕಟ್ಟಿನ ಆದಿಯಲ್ಲೂ, ದೀಪಗಳ ಸ್ಥಾನ ಬದಲಾದಾಗಲೆಲ್ಲ ಮತ್ತೊಮ್ಮೆಯೂ ಅದನ್ನು ಚಿತ್ರದಲ್ಲಿ ಸೇರಿಸತಕ್ಕದ್ದು.