ಮೀನಿನ ತೊಟ್ಟಿ, ತೆಂಗಿನ ಮರ

ಬಚ್ಚಲ ನೀರು ಹರಿದು ಹೋಗುವ ಕಡೆ ಒಂದು ತೆಂಗಿನ ಮರ. ತಿಪಟೂರು, ಅರಸೀಕೆರೆ ಕಡೆ ಹಿತ್ತಲುಗಳಲ್ಲಿ ಇದನ್ನು ನಾವು ನೋಡಿದ್ದೇವೆ. ಆ ಮರಕ್ಕೆ ಯಾರೂ ಬೇರೆ ನೀರು ಹೊರುವುದಿಲ್ಲ. ಆದರೂ ಕಾಯಿ ಬಿಡುತ್ತೆ. ಬಳಸಿದ ನೀರೇ ಅದಕ್ಕೆ ಸಾಕು.

ಮೀನು ಸಾಕುವ ತೊಟ್ಟಿಯ ನೀರನ್ನೂ ಹೀಗೇ ಬಳಸಬಹುದು. ಕೆಲವರು ತಿನ್ನಲು ಗೆಂಡೆ ಮೀನು ಸಾಕುತ್ತಾರೆ. ಕೆಲವರು ಅಂದಕ್ಕೆ, ಮಾರಾಟಕ್ಕೆ ಕೊಯ್ ಮೀನು ಸಾಕುತ್ತಾರೆ. ಕೆಂಪು, ಬಿಳಿ, ಹಳದಿ ಬಣ್ಣದ ಈ ಮೀನು ಜಪಾನ್ ದೇಶದ ತಳಿ. ಬಣ್ಣ ನೋಡಿ ಬೆರಗಾಗಬೇಡಿ. ಅದೂ ಗೆಂಡೆ ಜಾತಿಯದೇ. ಎರಡಕ್ಕೂ ಆರೈಕೆ ಒಂದೇ.

ಒಂದು ಲೆಕ್ಕ ಮಾಡೋಣ. ಬೇಸಿಗೆಯಲ್ಲಿ ಫಲ ಬಿಡುವ ಒಂದು ತೆಂಗಿನ ಮರಕ್ಕೆ ನಾಲ್ಕು ದಿನಕ್ಕೊಮ್ಮೆ ಸುಮಾರು 200 ಲೀಟರ್ ನೀರು ಬೇಕು. 15 ಲೀಟರ್ ಹಿಡಿಯುವ ಕೊಡದಲ್ಲಿ ಹೊತ್ತರೆ 13 ಕೊಡ. ಎರಡು ಮರ ಇದ್ದರೆ 26 ಕೊಡ. ಇದನ್ನು ಹೊರುವವರು ಯಾರು? ನಾವೇ ತಾನೇ!

ಈಗ ತೊಟ್ಟಿ ನೋಡಿ. 10 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳ. ಇದರಲ್ಲಿ ಸುಮಾರು 9,000 ಲೀಟರ್ ನೀರು ನಿಲ್ಲುತ್ತೆ. ಮೀನಿನ ಹೇಲು, ಉಳಿದ ತಿಂಡಿ ಎಲ್ಲ ತಳಕ್ಕೆ ಇಳಿಯುತ್ತೆ. ಈ ಕೊಳಕು ನೀರನ್ನು ಆಗಾಗ ತೆಗೆಯಲೇಬೇಕು. ಇಲ್ಲದಿದ್ದರೆ ಮೀನಿಗೆ ಕೇಡು. ಆದರೆ ಅದೇ ಕೊಳಕು ಮರಕ್ಕೆ ಗೊಬ್ಬರ! ಎರಡು ಇಂಚು ನೀರು ತೆಗೆದರೆ ಎರಡು ಮರಕ್ಕೆ ಆಗುತ್ತೆ. ಅರ್ಧ ಅಡಿ ತೆಗೆದರೆ ಐದು ಮರಕ್ಕೆ ಆಗುತ್ತೆ. ತೆಗೆದಷ್ಟು ಹೊಸ ನೀರು ತುಂಬಿ. ನಲ್ಲಿ ನೀರಾದರೆ ಒಂದು ದಿನ ಡ್ರಮ್ಮಿನಲ್ಲಿ ತೆರೆದಿಟ್ಟು ಆಮೇಲೆ ಹಾಕಿ. ಮರ ತೊಟ್ಟಿಗಿಂತ ತಗ್ಗಿನಲ್ಲಿದ್ದರೆ ಒಂದು ಪೈಪು ಸಾಕು. ಕೊಡ ಹೊರುವುದೇ ಬೇಡ.

ಹಾಗಂತ ಬಚ್ಚಲ ನೀರನ್ನು ತೊಟ್ಟಿಗೆ ಬಿಡಬಾರದು. ಸೋಪಿನ ನೀರಿಗೆ ಮೀನು ಸಾಯುತ್ತೆ. ಸಿಮೆಂಟಿನ ಹೊಸ ತೊಟ್ಟಿಯಲ್ಲೂ ಕೂಡಲೇ ಮೀನು ಬಿಡಬಾರದು. ಎರಡು ಮೂರು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಬೇಕು. ಸಿಮೆಂಟಿನ ಖಾರ ಹೋಗಬೇಕು.

ಮರ ಎಲ್ಲಿರಬೇಕು? ತೊಟ್ಟಿಗೆ ಅಂಟಿಕೊಂಡು ನೆಡುವುದು ಬೇಡ ಅಂತ ನಾವು ಹೇಳುತ್ತೇವೆ. ಬೇರಿನ ಭಯಕ್ಕಲ್ಲ. ಆಲ, ಅರಳಿಯ ಬೇರು ದಪ್ಪವಾಗುತ್ತಾ ಗೋಡೆ ಸೀಳುತ್ತೆ. ತೆಂಗಿಗೆ ತಾಯಿಬೇರು ಇಲ್ಲ. ಬೆರಳು ಗಾತ್ರದ ಬೇರುಗಳು ಬುಡದ ಸುತ್ತ ಹರಡುತ್ತವೆ. ಹೆಚ್ಚಿನವು ಆರು ಅಡಿಯ ಒಳಗೇ ಇರುತ್ತವೆ. ನೀರನ್ನೂ ಅಲ್ಲೇ, ಪಾತಿ ಮಾಡಿ ಬಿಡಬೇಕು. ಆದರೆ ದಿನವೂ ಬುಡದಲ್ಲಿ ನೀರು ನಿಂತರೆ ಸಸಿ ಸೊರಗುತ್ತೆ. ಜೌಗು ಜಾಗವಾದರೆ ಮಣ್ಣು ಏರಿಸಿ ನೆಡಿ.

ಭಯ ಇರುವುದು ಗರಿಯದು. ಒಂದು ಮರ ವರ್ಷಕ್ಕೆ ಸುಮಾರು 12 ಗರಿ ಬಿಡುತ್ತೆ. ಹಳೆಯವು ಒಣಗಿ ಬೀಳುತ್ತವೆ. ಗರಿ, ಹೊಂಬಾಳೆ ತೊಟ್ಟಿಗೆ ಬಿದ್ದು ಕೊಳೆತರೆ ಏನಾಗುತ್ತೆ ಗೊತ್ತೇ? ನೀರಿನಲ್ಲೂ ಗಾಳಿ ಇದೆ. ಮೀನು ಉಸಿರಾಡುವುದು ಆ ಗಾಳಿಯಿಂದಲೇ. ಕೊಳೆಯುವ ಕಸ ಆ ಗಾಳಿಯನ್ನು ತಿಂದುಬಿಡುತ್ತೆ. ಬೆಳಗಿನ ಜಾವಕ್ಕೆ ಗಾಳಿ ಇನ್ನೂ ಕಡಿಮೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತವೆ. ಆಟ ಆಡ್ತಿವೆ ಅಂದುಕೊಳ್ಳಬೇಡಿ. ಕೂಡಲೇ ಹೊಸ ನೀರು ಬಿಡಿ. ಬಿಂದಿಗೆಯಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯಿರಿ. ಆ ದಿನ ತಿಂಡಿ ಹಾಕಬೇಡಿ.

ಆದ್ದರಿಂದ ತೊಟ್ಟಿಯಿಂದ ಹದಿನೈದು ಅಡಿ ದೂರ, ಪಡುವಣ ದಿಕ್ಕಿಗೆ ಮರ ಇದ್ದರೆ ಒಳ್ಳೆಯದು. ಸಂಜೆ ಬಿಸಿಲಿಗೆ ಮರದ ನೆರಳು ತೊಟ್ಟಿಯ ಮೇಲೆ ಬರುತ್ತೆ. ನೀರು ಕಾಯುವುದಿಲ್ಲ, ಪಾಚಿಯೂ ಕಡಿಮೆ. ಎತ್ತರದ ತಿಪಟೂರು ತಳಿ ಫಲ ಕೊಡಲು ಆರೇಳು ವರ್ಷ ಬೇಕು. ಚೌಘಾಟ್ ಕಿತ್ತಳೆಯಂಥ ಗಿಡ್ಡ ತಳಿ ಮೂರು ನಾಲ್ಕು ವರ್ಷಕ್ಕೇ ಬಿಡುತ್ತೆ. ಎಳನೀರಿಗೆ ಅದು ಚೆನ್ನ. ಚಿಕ್ಕ ಹಿತ್ತಲಿಗೆ ನಮ್ಮ ಓಟು ಗಿಡ್ಡ ತಳಿಗೇ.

ಮಲೆನಾಡಿನಲ್ಲಿ ತೊಟ್ಟಿಯ ಪಕ್ಕ ಅಡಿಕೆ ಮರ ಇರಬಹುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದರಲ್ಲಿ ಮೈಲುತುತ್ತ ಇದೆ. ಅದು ಮೀನಿಗೆ ವಿಷ. ಹೊಡೆಯುವ ದಿನ ಮೊದಲೇ ಹೇಳಿ ಅಂತ ಮನೆಯವರಿಗೆ ತಿಳಿಸಿಡಿ. ತೊಟ್ಟಿಗೆ ಟಾರ್ಪಾಲು ಮುಚ್ಚಿ. ಎಲೆಯಿಂದ ಹನಿ ಬೀಳುವುದು ನಿಂತ ಮೇಲೆ ತೆಗೆಯಿರಿ.

ತೊಟ್ಟಿ ಕಟ್ಟುವ ದಿನವೇ ಬೇಲಿಯನ್ನೂ ಕಟ್ಟಿಸಿ. ಮನೆಯಲ್ಲಿ ಮಕ್ಕಳಿಲ್ಲದಿದ್ದರೂ ಪಕ್ಕದ ಮನೆಯ ಮಗು ಬರುತ್ತೆ. ಬಣ್ಣದ ಮೀನು ಕಂಡರೆ ಬಗ್ಗಿ ನೋಡುತ್ತೆ. ನಾಲ್ಕು ಅಡಿ ನೀರು ಮಗುವಿನ ತಲೆ ಮುಳುಗಲು ಸಾಕು. ಬಿದಿರ ಬೇಲಿ ಆದರೂ ಆಗುತ್ತೆ. ಸಂದಿ ಕಿರಿದಾಗಿರಲಿ. ಚಿಲಕ ಮಗುವಿನ ಕೈಗೆ ಎಟುಕದಷ್ಟು ಮೇಲಿರಲಿ.