ಕೌದಿಗೆ ಹಳೆಯ ಸೀರೆಯೇ ಏಕೆ?

ಪ್ರಶ್ನೆ: ಅಂಗಡಿಯಲ್ಲಿ ಹೊಸ ಬಟ್ಟೆ ಯಥೇಚ್ಛವಾಗಿ ದೊರೆಯುತ್ತಿರುವಾಗ, ಕೌದಿ ಹೊಲಿಯುವವರು ಹಳೆಯ ಸೀರೆಗಳನ್ನೇ ಅರಸುವುದೇಕೆ?

ಉತ್ತರ: ಮಿತವ್ಯಯವೇ ಇದಕ್ಕೆ ಕಾರಣವೆಂದು ಮೇಲ್ನೋಟಕ್ಕೆ ತೋರುವುದಾದರೂ, ಸೂಜಿ ಹಿಡಿದವರನ್ನು ಕೇಳಿದರೆ ಬೇರೊಂದು ಸಂಗತಿ ಹೊರಬೀಳುವುದು. ಹೊಸ ಹತ್ತಿಬಟ್ಟೆಯು ಗಂಜಿಯಿಂದ ಬಿರುಸಾಗಿದ್ದು, ನಾಲ್ಕೈದು ಪದರಗಳನ್ನು ಒಮ್ಮೆಗೇ ದಾಟಬೇಕಾದ ಸೂಜಿಗೆ ಅಡ್ಡಿಯಾಗುವುದಲ್ಲದೆ, ಮೊದಲ ಒಗೆತದಲ್ಲಿಯೇ ಪದರಕ್ಕೊಂದು ಪ್ರಮಾಣದಲ್ಲಿ ಕುಗ್ಗಿ ಹೊಲಿಗೆಯನ್ನೆಲ್ಲ ಸುಕ್ಕುಗಟ್ಟಿಸುತ್ತದೆ; ವರ್ಷಾನುಗಟ್ಟಲೆ ಒಗೆಸಿಕೊಂಡು, ಕುಗ್ಗುವಷ್ಟೂ ಕುಗ್ಗಿ, ಬಿಡಬೇಕಾದ ಬಣ್ಣವನ್ನೆಲ್ಲ ಬಿಟ್ಟು ಮುಗಿಸಿದ ನೂಲಿನ ಸೀರೆಗೆ ಈ ದೋಷವೊಂದೂ ಇಲ್ಲ. ಸೀರೆ ತೆಳುವಾಯಿತೆಂಬ ಚಿಂತೆಯೂ ಬೇಡ: ಮೈ ಬೆಚ್ಚಗಿರುವುದು ಬಟ್ಟೆಯ ದಪ್ಪದಿಂದಷ್ಟೇ ಅಲ್ಲ, ಪದರಗಳ ನಡುವೆ ಸೆರೆಯಾದ ಗಾಳಿಯಿಂದಲೂ ಹೌದು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸುತ್ತಣ ಸಿದ್ದಿ ಸಮುದಾಯದ ಸ್ತ್ರೀಯರ ಕೌದಿಯನ್ನಂತೂ ಸಮೀಪದಿಂದಲೇ ನೋಡಬೇಕು. ಅವರು ಒಂದು ಮೂಲೆಯಿಂದ ಆರಂಭಿಸಿ, ಅಂಚನ್ನನುಸರಿಸಿ ಸುತ್ತುಸುತ್ತಾಗಿ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುತ್ತ, ಹೊಲಿಗೆಯ ಸಾಲುಗಳನ್ನು ಒತ್ತೊತ್ತಾಗಿ ಎಳೆಯುತ್ತ, ಕ್ರಮೇಣ ನಡುಭಾಗವನ್ನು ಮುಟ್ಟುತ್ತಾರೆ. ನಾಲ್ಕು ಮೂಲೆಗಳಿಗೂ ಮಡಚಿದ ಬಟ್ಟೆಯ ತ್ರಿಕೋನಾಕಾರದ ‘ಫೂಲ’ಗಳು ಬೀಳುವವರೆಗೆ ಕೌದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಯಂತ್ರದ ಹೊಲಿಗೆ ಇದಕ್ಕಿಂತ ನೆಟ್ಟಗಿದ್ದೀತು. ಆದರೆ ಕೈಹೊಲಿಗೆಯ ಆ ಅಲೆಯಲೆಯಾದ ಮೈ ಅದಕ್ಕೆ ಒಲಿಯದೆಂದೇ ನನ್ನ ಮತ.

ತಾವೇ ಹೊಲಿಯಹೊರಟಿದ್ದರೆ, ನೈಲಾನ್ ಸೀರೆಯನ್ನು ಮಾತ್ರ ಬೆರೆಸಬೇಡಿರಿ: ಅದು ಹೊಲಿಯುವಾಗ ಜಾರುವುದು, ಹೊದ್ದಾಗ ಬೆವರನ್ನು ಹೀರದು.