ಪಿ.ವಿ.ಸಿ. ಬಾಗಿಲಿನ ಹಿಡಿ, ಚಿಲಕ ಕೆಟ್ಟರೆ



ನೇಗಿಲಿನ ಗುಳ ಸವೆದರೆ ನಾವು ತಡಮಾಡದೆ ಕುಲುಮೆಗೆ ಒಯ್ಯುತ್ತೇವೆ. ಪಂಪು ನಿಂತರೆ ಅದೇ ದಿನ ರಿಪೇರಿ ಮಾಡಿಸುತ್ತೇವೆ. ಆದರೆ ಹಿತ್ತಲಿನ ಕಕ್ಕಸಿನ ಬಾಗಿಲ ಚಿಲಕ ಕಿತ್ತುಬಂದರೆ? "ಹೋಗಲಿ ಬಿಡು, ನಾಳೆ ನೋಡೋಣ" ಅಂತ ಒಂದು ದಾರ ಕಟ್ಟಿ ಸುಮ್ಮನಾಗುತ್ತೇವೆ. ಆ ನಾಳೆ ಬರುವ ಹೊತ್ತಿಗೆ ಸುಗ್ಗಿಯೇ ಮುಗಿದಿರುತ್ತದೆ!

ದಾರ ಕಟ್ಟಿದ ಬಾಗಿಲನ್ನು ನಂಬಿ ಮನೆಯ ಹೆಣ್ಣುಮಕ್ಕಳು ನೆಮ್ಮದಿಯಾಗಿ ಒಳಗೆ ಹೋಗಲಾರರು. ಕತ್ತಲಾಗಲಿ ಅಂತ ಕಾಯುತ್ತಾರೆ. ಅದಕ್ಕಾಗಿ ನೀರು ಕುಡಿಯುವುದನ್ನೂ ಕಡಿಮೆ ಮಾಡುತ್ತಾರೆ. ಇದರಿಂದ ಮೈಗೆ ಕೇಡು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾಯಿತು. ಹಳ್ಳಿಯ ಅರ್ಹ ಕುಟುಂಬಕ್ಕೆ ಕಕ್ಕಸು ಕಟ್ಟಿಕೊಳ್ಳಲು 12,000 ರೂಪಾಯಿ ಪ್ರೋತ್ಸಾಹಧನ ಗೊತ್ತಾಯಿತು. ಅಷ್ಟು ಹಣ, ಅಷ್ಟು ಶ್ರಮ ಹಾಕಿ ಕಟ್ಟಿದ್ದು ಒಂದು ಚಿಲಕದ ಕಾರಣಕ್ಕೆ ಸೌದೆ ಇಡುವ ಕೋಣೆಯಾಗಬಾರದು ಅಲ್ಲವೆ?

ಕಕ್ಕಸಿಗೆ, ಬಚ್ಚಲಿಗೆ ಈಗ ಬಹಳ ಕಡೆ ಹಾಕಿರುವುದು ಪಿ.ವಿ.ಸಿ. ಬಾಗಿಲು. ನಾವು ಪ್ಲಾಸ್ಟಿಕ್ ಬಾಗಿಲು ಅಂತೀವಿ. ನೀರಿಗೆ ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಹಗುರ. ಗುಣವೇನೋ ಒಳ್ಳೆಯದೇ. ಆದರೆ ಒಂದು ಮಾತು ಮರೆಯಬಾರದು. ಮರದ ಬಾಗಿಲು ಗಟ್ಟಿ. ಇದು ಹೆಚ್ಚಾಗಿ ಒಳಗೆ ಪೊಳ್ಳು. ಬಿದಿರಿನ ಗಳುವಿನಂತೆ ಮೇಲೆ ತೆಳುವಾದ ಸಿಪ್ಪೆ, ಒಳಗೆ ಖಾಲಿ. ಮರಕ್ಕೆ ಹೊಡೆದ ಸ್ಕ್ರೂ ಒಂದು ಅಂಗುಲ ಉದ್ದಕ್ಕೂ ಮರವನ್ನು ಕಚ್ಚಿ ಹಿಡಿಯುತ್ತದೆ. ಇಲ್ಲಿ ಕಚ್ಚುವುದಕ್ಕೆ ಸಿಗುವುದು ಆ ತೆಳು ಸಿಪ್ಪೆ ಮಾತ್ರ. ದಿನಕ್ಕೆ ಇಪ್ಪತ್ತು ಸಾರಿ ಎಳೆದರೆ ತೂತು ಅಗಲವಾಗಿ ಸ್ಕ್ರೂ ಉದುರುತ್ತದೆ. ಚಿಲಕ ಕೈಗೆ ಬರುತ್ತದೆ.

"ಅದಕ್ಕೇನು ಸ್ವಾಮಿ, ಇನ್ನೂ ದಪ್ಪನೆಯ ಸ್ಕ್ರೂ ಹೊಡೆದರಾಯಿತು, ತೂತಿಗೆ ಬೆಂಕಿಕಡ್ಡಿ ತುಂಬಿ ಬಿಗಿ ಮಾಡಿದರಾಯಿತು" ಅಂತ ನೀವು ಹೇಳಬಹುದು. ಮರದ ಬಾಗಿಲಿಗೆ ಆ ಉಪಾಯ ಸರಿ. ಪೊಳ್ಳು ಬಾಗಿಲಿಗೆ ತುಂಬಿದ ಕಡ್ಡಿ ಒಳಗೆ ಬಿದ್ದುಹೋಗುತ್ತದೆ. ದಪ್ಪ ಸ್ಕ್ರೂ ನಾಲ್ಕು ದಿನ ನಿಂತು ಸಿಪ್ಪೆಯನ್ನೇ ಸೀಳುತ್ತದೆ. ಹಾಗಾದರೆ ಏನು ಮಾಡಬೇಕು? ಒಂದೊಂದಾಗಿ ನೋಡೋಣ.

ಮೊದಲು ತಪ್ಪು ಎಲ್ಲಿದೆ ಅಂತ ಹುಡುಕಿ. ಚಿಲಕ ಬೀಳಲಿಲ್ಲ ಅಂದ ಮಾತ್ರಕ್ಕೆ ಚಿಲಕವೇ ಕೆಟ್ಟಿದೆ ಅಂತಲ್ಲ. ಬಾಗಿಲು ತೆರೆದಿಟ್ಟು ಚಿಲಕ ಎಳೆದು ನೋಡಿ. ಆಗ ಸಲೀಸಾಗಿ ಆಡಿ, ಮುಚ್ಚಿದಾಗ ಮಾತ್ರ ಅಡ್ಡಬಂದರೆ ಚಿಲಕ ಸರಿಯಾಗಿದೆ, ಬಾಗಿಲು ಜೋತಿದೆ. ಹಿಡಿ ಇರುವ ಮಗ್ಗುಲಲ್ಲಿ ಮೇಲಿನ ಸಂದು ಅಗಲವಾಗಿ, ಕೆಳಗೆ ನೆಲ ಉಜ್ಜುತ್ತಿದ್ದರೆ ಅದೇ ಗುರುತು. ಬಾಗಿಲಿನ ಅಡಿಗೆ ಒಂದು ಮರದ ಬೆಣೆ ಕೊಟ್ಟು ಮೊದಲಿನ ಮಟ್ಟಕ್ಕೆ ಎತ್ತಿ, ಕೀಲಿನ ಸ್ಕ್ರೂಗಳನ್ನು ಬಿಗಿ ಮಾಡಿ. ಎಷ್ಟೋ ಸಾರಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಕೀಲಿನ ತೂತೇ ಹಾಳಾಗಿದ್ದರೆ, ಅದೇ ಕೀಲನ್ನು ಎರಡು ಮೂರು ಅಂಗುಲ ಮೇಲೆ ಅಥವಾ ಕೆಳಗೆ ಸರಿಸಿ ಹೊಸ ಜಾಗದಲ್ಲಿ ಕೂರಿಸಿ.

ಕೀಲು ಬಿಗಿಯಾದ ಮೇಲೂ ಚಿಲಕದ ತುದಿ ಸ್ವಲ್ಪ ತಪ್ಪುತ್ತಿದೆಯೆ? ತುದಿಗೆ ಚೂರು ಕುಂಕುಮ ಇಲ್ಲವೆ ಒದ್ದೆ ಸುಣ್ಣ ಹಚ್ಚಿ. ಬಾಗಿಲು ಮುಚ್ಚಿ ಚಿಲಕ ದೂಡಿ. ಚೌಕಟ್ಟಿನ ಮೇಲೆ ಬಣ್ಣ ಎಲ್ಲಿ ಹತ್ತಿತೋ ಆ ಕಡೆಗೆ ತೂತನ್ನು ಅರದಿಂದ ಉಜ್ಜಿ ಹಿಗ್ಗಿಸಿ. ತೂತು ಬರೀ ಸೂಜಿಗೆ ನೂಲು ಪೋಣಿಸಿದ ಹಾಗೆ ಬಿಗಿಯಾಗಿ ಇರಬಾರದು. ಪಿ.ವಿ.ಸಿ. ಬಿಸಿಲಿಗೆ ಹಿಗ್ಗುವುದು ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಆರು ಅಡಿ ಎತ್ತರದ ಬಾಗಿಲು ಬೆಳಗಿನ ತಂಪಿಗೂ ನಡುಮಧ್ಯಾಹ್ನದ ಬಿಸಿಲಿಗೂ 2ರಿಂದ 3 ಮಿಲಿಮೀಟರ್ ವ್ಯತ್ಯಾಸ ತೋರಬಹುದು. ಬೆಳಿಗ್ಗೆ ಬಿದ್ದ ಚಿಲಕ ಮಧ್ಯಾಹ್ನ ಬೀಳದಿರುವುದಕ್ಕೆ ಇದೇ ಕಾರಣ.

ಇನ್ನು ಕಿತ್ತುಬಂದ ಚಿಲಕದ ಮಾತು. ಇದಕ್ಕೆ ಸ್ಕ್ರೂ ಬೇಡ. ನಟ್ಟು ಬೋಲ್ಟು ಬೇಕು. ಬೋಲ್ಟು ಬಾಗಿಲಿನ ಈ ಕಡೆಯಿಂದ ಆ ಕಡೆಗೆ ಪೂರ್ತಿ ಹಾಯಬೇಕು. ಹೊರಗಡೆ, ಚಿಲಕದ ಅಳತೆಗಿಂತ ಸ್ವಲ್ಪ ದೊಡ್ಡದಾದ ಅಲ್ಯೂಮಿನಿಯಂ ತಗಡಿನ ಒಂದು ಪಟ್ಟಿ ಇಡಬೇಕು. ಆಗ ಎಳೆತದ ಭಾರ ನಾಲ್ಕು ತೂತಿನ ಮೇಲೆ ಬೀಳದೆ ಇಡೀ ಪಟ್ಟಿಯ ಮೇಲೆ ಹರಡುತ್ತದೆ. ಹಳೆಯ ತೂತಿನ ಸುತ್ತ ಸೀಳಿದ್ದರೆ ಪಟ್ಟಿ ಅದನ್ನೂ ಮುಚ್ಚುತ್ತದೆ.

ಸಾಮಾನು ತರಲು ಪೇಟೆಗೆ ಹೋಗುವಾಗ ಹಳೆಯ ಚಿಲಕವನ್ನು ಜೊತೆಗೇ ಒಯ್ಯಿರಿ. ಬಾಗಿಲಿನ ದಪ್ಪವನ್ನೂ ಒಂದು ಕಡ್ಡಿಯಲ್ಲಿ ಅಳೆದುಕೊಳ್ಳಿ. ಬಾಗಿಲು, ಚಿಲಕ, ಪಟ್ಟಿ, ವಾಷರ್, ನಟ್ಟು ಇವೆಲ್ಲದರ ದಪ್ಪ ಸೇರಿಸಿದಷ್ಟು ಉದ್ದದ ಬೋಲ್ಟು ಬೇಕು. ಅಂಗಡಿಯಲ್ಲೇ ಚಿಲಕದ ತೂತಿಗೆ ಬೋಲ್ಟು ಹಾಕಿ, ನಟ್ಟು ಬಿಗಿದು, ಸರಳು ಎಳೆದು ನೋಡಿ. ನಟ್ಟು ದೊಡ್ಡದಾಗಿ ಸರಳಿಗೆ ತಾಗುವಂತಿದ್ದರೆ ಚಿಕ್ಕದನ್ನು ಕೇಳಿ.

ಹಾಕುವ ಕ್ರಮ ಹೀಗೆ. ಮೊದಲು ಬಾಗಿಲು ಅಲುಗದಂತೆ ಬೆಣೆ ಕೊಡಿ. ಚಿಲಕವನ್ನು ಅದರ ಜಾಗದಲ್ಲಿಟ್ಟು, ತೂತಿನ ಗುರುತನ್ನು ಪೆನ್ಸಿಲಿನಿಂದ ಹಾಕಿ. ಹಿಂಬದಿಗೆ ಒಂದು ಹಲಗೆ ತುಂಡು ಒತ್ತಿ ಹಿಡಿದು, ಬೈರಿಗೆಯಿಂದ ಸಣ್ಣ ತೂತು ಕೊರೆದು ಆಮೇಲೆ ದೊಡ್ಡದು ಮಾಡಿ. ಹಲಗೆ ಇದ್ದರೆ ಹಿಂದಿನ ಸಿಪ್ಪೆ ಒಡೆಯುವುದಿಲ್ಲ. ಬೋಲ್ಟಿನ ತಲೆ ಹೊರಗೆ, ನಟ್ಟು ಒಳಗೆ ಬರಲಿ. ಹೊರಗಿನವರು ಬಿಚ್ಚುವುದಕ್ಕೆ ಆಗುವುದಿಲ್ಲ, ಸಡಿಲವಾದರೆ ನೀವು ಒಳಗಿನಿಂದ ಬಿಗಿ ಮಾಡಬಹುದು. ಎಲ್ಲ ಬೋಲ್ಟುಗಳನ್ನೂ ಹಾಕಿದ ಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಚಿಲಕ ಅಲುಗದೆ ನಿಂತಿತೋ, ಅಲ್ಲಿಗೆ ಸಾಕು. ಬಲವಿದೆ ಅಂತ ಇನ್ನೂ ತಿರುಗಿಸಿದರೆ ಪೊಳ್ಳು ಬಾಗಿಲು ಅಪ್ಪಚ್ಚಿಯಾಗುತ್ತದೆ. ಒಳಗೆ ಚಾಚಿದ ಬೋಲ್ಟಿನ ತುದಿಯನ್ನು ಕತ್ತರಿಸಿ ಅರದಿಂದ ನುಣುಪು ಮಾಡಿ. ಇಲ್ಲವಾದರೆ ಮಕ್ಕಳ ಕೈ ಗೀರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಬೈರಿಗೆ ಇಲ್ಲವೆಂದು ಒಲೆಯಲ್ಲಿ ಮೊಳೆ ಕಾಯಿಸಿ ತೂತು ಸುಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಪಿ.ವಿ.ಸಿ.ಯಲ್ಲಿ ಕ್ಲೋರಿನ್ ಇದೆ. ಅದು ಸುಟ್ಟಾಗ ಬರುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಇರುತ್ತದೆ. ಕಣ್ಣಿಗೂ ಎದೆಗೂ ಅದು ಕೆಟ್ಟದ್ದು. ಮುರಿದ ಬಾಗಿಲನ್ನು ಹಂಡೆ ಒಲೆಗೆ ಹಾಕುವುದೂ ಇಷ್ಟೇ ಅಪಾಯ.

ಕೆಲವರ ಮನೆಯಲ್ಲಿ ಗುಂಡು ಹಿಡಿಯ ಬೀಗ ಇದೆ. ಹಿಡಿ ತಿರುಗಿಸಿದರೂ ನಾಲಗೆ ಒಳಗೆ ಸರಿಯದಿದ್ದರೆ ಒಳಗಿನ ಸ್ಪ್ರಿಂಗು ಮುರಿದಿರಬಹುದು. ಅದನ್ನು ಬಿಚ್ಚಿ ಜೋಡಿಸುವುದಕ್ಕಿಂತ ಬೀಗವನ್ನೇ ಬದಲಾಯಿಸುವುದು ವಾಸಿ. ಬಾಗಿಲಿನ ಅಂಚಿನಿಂದ ಹಿಡಿಯ ತೂತಿನ ನಡುವಿನವರೆಗೆ ಅಳೆದುಕೊಳ್ಳಿ. ಸಾಮಾನ್ಯವಾಗಿ ಅದು 60 ಇಲ್ಲವೆ 70 ಮಿಲಿಮೀಟರ್ ಇರುತ್ತದೆ. ಅದೇ ಅಳತೆಯದು ತಂದರೆ ಹೊಸ ತೂತು ಕೊರೆಯುವ ತೊಂದರೆ ಇಲ್ಲ. ಬಚ್ಚಲಿಗೆ ಅಂತಲೇ ಬರುವ ಬೀಗದಲ್ಲಿ ಹೊರಗಿನ ಹಿಡಿಗೆ ಒಂದು ಸಣ್ಣ ಗೀರು ಅಥವಾ ತೂತು ಇರುತ್ತದೆ. ಒಳಗೆ ಯಾರಾದರೂ ಸಿಕ್ಕಿಕೊಂಡರೆ ಹೊರಗಿನಿಂದ ತೆರೆಯುವ ಉಪಾಯ ಅದು. ಮನೆಯವರಿಗೆಲ್ಲ ಅದನ್ನು ತೋರಿಸಿಡಿ.

ತಾಯಂದಿರೆ, ಮಕ್ಕಳ ವಿಷಯ ನಿಮ್ಮ ಗಮನಕ್ಕೆ. ಬಿಗಿಯಾದ ಚಿಲಕ ಮಗುವಿನ ಕೈಯಲ್ಲಿ ಹೇಗೋ ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಆಗ ಒಳಗೆ ಅಳು, ಹೊರಗೆ ಗಾಬರಿ. ಚಿಲಕ ಒಂದು ಬೆರಳಿನಲ್ಲಿ ಆಡುವಷ್ಟು ಸಲೀಸಾಗಿರಲಿ. ವಯಸ್ಸಾದ ಅಜ್ಜಿಯ ಬೆರಳಿಗೂ ಅದೇ ಅನುಕೂಲ. ಹೊಸ ಚಿಲಕ ಹಾಕಿದ ಮೇಲೆ ಬಾಗಿಲು ತೆರೆದಿಟ್ಟೇ ಹತ್ತು ಸಾರಿ ಆಡಿಸಿ ನೋಡಿ. ಒಳಗೆ ಹೋಗಿ ಮುಚ್ಚಿ ಪರೀಕ್ಷೆ ಮಾಡುವಾಗ ಹೊರಗೊಬ್ಬರು ನಿಂತಿರಲಿ.

ಕಡೆಯದಾಗಿ ಪಾಲನೆ. ಕಕ್ಕಸಿಗೆ ಆಸಿಡ್ ಹಾಕಿ ತೊಳೆದಾಗ ಅದರ ಆವಿ ಕಬ್ಬಿಣದ ಚಿಲಕವನ್ನು ತುಕ್ಕು ಹಿಡಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದು ಹೆಚ್ಚು ಕಾಲ ಬಾಳುತ್ತದೆ. ಆದರೂ ಆಸಿಡ್ ಅದನ್ನೂ ಬಿಡುವುದಿಲ್ಲ. ತೊಳೆದ ಮೇಲೆ ಚಿಲಕಕ್ಕೂ ನೀರು ಹಾಕಿ ಒರೆಸಿ, ಸ್ವಲ್ಪ ಹೊತ್ತು ಬಾಗಿಲು ತೆರೆದಿಡಿ. ತಿಂಗಳಿಗೊಮ್ಮೆ ಸರಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಧೂಳನ್ನೂ ಹಿಡಿಯುತ್ತದೆ. ಕೀಲಿಕೈ ಹಾಕುವ ತೂತಿಗೆ ಎಣ್ಣೆ ಬೇಡ; ಪೆನ್ಸಿಲಿನ ಸೀಸದ ಪುಡಿಯನ್ನು ಕೀಲಿಕೈಗೆ ಸವರಿ ಆಡಿಸಿ. ವರ್ಷಾನುಗಟ್ಟಲೆ ಬಿಸಿಲು ಬಡಿದ ಪಿ.ವಿ.ಸಿ. ಸೆಡೆತು ಸೀಳುತ್ತದೆ. ಬಾಗಿಲಿನ ಮುಂದೆ ಒಂದು ಚಿಕ್ಕ ಚಪ್ಪರ ಇದ್ದರೆ ಅದರ ಆಯಸ್ಸು ಹೆಚ್ಚು. ಚಿಲಕದ ಸುತ್ತ ಅಂಗೈ ಅಗಲಕ್ಕೂ ಮೀರಿ ಸೀಳಿದ್ದರೆ ಮಾತ್ರ ಬಾಗಿಲು ಬದಲಾಯಿಸುವ ಯೋಚನೆ ಮಾಡಿ.

ಹಾಗಾದರೆ ನೆನಪಿಡಿ: ಮೊದಲು ಕೀಲು ನೋಡಿ. ಪೊಳ್ಳು ಬಾಗಿಲಿಗೆ ಹಾಯುವ ಬೋಲ್ಟು, ಹಿಂದೊಂದು ಪಟ್ಟಿ. ಬಿಗಿ ಹದವಾಗಿರಲಿ, ಚಿಲಕ ಸಲೀಸಾಗಿರಲಿ. ಒಂದು ಮಧ್ಯಾಹ್ನದ ಕೆಲಸ ಇದು. ಬರುವ ಸಂತೆಯ ದಿನ ಬೋಲ್ಟು ತನ್ನಿ; ಸಂಜೆಯ ಹೊತ್ತಿಗೆ ದಾರ ಬಿಚ್ಚಿ ಎಸೆಯಿರಿ.